ಊರು ಕೇಳದ ಸಭೆ

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಕೂಡಿದರೆ ಮೊದಲು ಹುಟ್ಟುವ ಪ್ರಶ್ನೆ ಯಾವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ: “ತಮ್ಮ ಊರು ಯಾವುದಾಯ್ತು?” ಎರಡನೆಯದು, “ಯಾರ ಪೈಕಿ?” ಮೂರನೆಯದಕ್ಕೆ ಏನಾದರೊಂದು ಸಂಬಂಧ ಹೊರಟು, ನಾಲ್ಕನೆಯದಕ್ಕೆ ಕಾಫಿ ಬಂದಿರುತ್ತದೆ. ಪರಸ್ಥಳದಲ್ಲಿ ಈ ಬಳಕೆಯೇ ನಮ್ಮ ಬಲ. ಆದರೆ ಮನೆಯಲ್ಲಿ ಹೇಳಲಾಗದ ಕಷ್ಟವೊಂದು ಹುಟ್ಟಿದಾಗ ಇದೇ ಬಳಕೆ ಎಷ್ಟು ಭಾರವಾಗುತ್ತದೆ ಎಂಬುದನ್ನು ನಾವು ಈ ಮೂರು ವರ್ಷಗಳಲ್ಲಿ ಕಂಡುಂಡಿದ್ದೇವೆ.

ಕಷ್ಟವೆಂದರೆ ನಮ್ಮ ಭಾವನವರ ಕುಡಿತ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರನ್ನೂ ಸ್ಥಳವನ್ನೂ ಮಾತ್ರ ಹೇಳುವುದಿಲ್ಲ. ರಾತ್ರಿಯ ಒಂದು ಗ್ಲಾಸು ಬೆಳಗಿನ ಮೊದಲ ಕೆಲಸವಾಗುವ ತನಕ ಮನೆಮಂದಿಯೆಲ್ಲ ಸೇರಿ ಅದನ್ನು ಮುಚ್ಚಿಟ್ಟೆವು. ಅಕ್ಕ ಅವರ ಆಫೀಸಿಗೆ ಫೋನು ಮಾಡಿ “ಜ್ವರ” ಎಂದಳು. ರಜೆಯ ಅರ್ಜಿಗಳನ್ನು ನಾವೇ ಬರೆದುಕೊಟ್ಟೆವು. ಗುಮಾಸ್ತನ ವಿದ್ಯೆ ಹೀಗೂ ಉಪಯೋಗಕ್ಕೆ ಬಂತು. ಊರಿನಲ್ಲಿರುವ ಅಮ್ಮನಿಗೆ “ಹೊಟ್ಟೆನೋವು”, ಸಂಘದ ವಾರ್ಷಿಕೋತ್ಸವದಲ್ಲಿ ಕೇಳಿದವರಿಗೆ “ನೈಟ್ ಡ್ಯೂಟಿ”. ಮರ್ಯಾದೆ ಉಳಿಯಿತೆಂದು ತಿಳಿದೆವು. ಉಳಿದದ್ದು ಕುಡಿತ.

ಒಮ್ಮೆ ಅವರು ದೇವರ ಮುಂದೆ ಆಣೆಯಿಟ್ಟು ಒಮ್ಮೆಲೇ ಬಿಟ್ಟರು. ಎರಡನೆಯ ದಿನ ಕೈಕಾಲು ನಡುಗಿ, ಮೂರನೆಯ ರಾತ್ರಿ ಇಲ್ಲದ ಜನರೊಡನೆ ಮಾತಾಡತೊಡಗಿದರು. ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ನಮ್ಮನ್ನೇ ಗದರಿಸಿದರು: ಬಹುಕಾಲ ಕುಡಿದವರು ವೈದ್ಯರ ಸಹಾಯವಿಲ್ಲದೆ ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದೀತು. ಇದನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಬಿಡುಗಡೆಯ ದಿನ ಅವರೆಂದರು: “ನಿಲ್ಲಿಸುವುದಕ್ಕೆ ಆಸ್ಪತ್ರೆ ಸಾಕು. ನಿಲ್ಲಿಸಿಯೇ ಇರುವುದಕ್ಕೆ ಜನ ಬೇಕು.” ಒಂದು ಚೀಟಿಯಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ ಫೋನ್ ನಂಬರು ಬರೆದುಕೊಟ್ಟರು.

ಫೋನಿನಲ್ಲಿ ನಮ್ಮ ಹೆಸರು ಕೇಳಲಿಲ್ಲ. ಯಾವ ಸ್ಟೇಶನ್ ಹತ್ತಿರವಾಗುತ್ತದೆ ಎಂದಷ್ಟೇ ಕೇಳಿದರು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಒಂದು ಗುಂಪು ಇತ್ತು! ಆದರೆ ಭಾವ, “ಅಲ್ಲಿಗೆ ಬೇಡ ಮಾರಾಯ, ದಾರಿಯಲ್ಲೇ ನಮ್ಮವರು ಮೂರು ಮಂದಿ ಸಿಗುತ್ತಾರೆ” ಎಂದರು. ಕೊನೆಗೆ ಸ್ಲೋ ಲೋಕಲಿನಲ್ಲಿ ಐದು ಸ್ಟೇಶನ್ ದಾಟಿ ಹೋದೆವು. ಹೊರಗಿನವರೂ ಕೂಡಬಹುದಾದ ‘ತೆರೆದ ಸಭೆ’ ಅಂದು ಇದ್ದುದರಿಂದ ನಮಗೂ ಪ್ರವೇಶ ದೊರೆಯಿತು.

ಶಾಲೆಯೊಂದರ ಕೋಣೆ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕುಳಿತ ಇಪ್ಪತ್ತು ಮಂದಿ. ಗೋಡೆಯ ಮೇಲೆ ಮರಾಠಿ ಮಗ್ಗಿ. ರಿಕ್ಷಾ ನಡೆಸುವವರು, ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬ ತಾಯಿ, ಕಾಲೇಜು ಹುಡುಗ. ಒಬ್ಬೊಬ್ಬರಾಗಿ ಎದ್ದು, ಹೆಸರೊಂದನ್ನೇ ಹೇಳಿ, “ನಾನು ಮದ್ಯವ್ಯಸನಿ” ಎಂದು ಹಿಂದಿಯಲ್ಲೋ ಮರಾಠಿಯಲ್ಲೋ ತಮ್ಮ ಕತೆ ಹೇಳಿದರು. ಉಪದೇಶವಿಲ್ಲ, ಬೈಗುಳವಿಲ್ಲ. ಶುಲ್ಕವಿಲ್ಲ, ಇಷ್ಟವಿದ್ದವರು ಚೀಲಕ್ಕೆ ಏನಾದರೂ ಹಾಕಬಹುದು. ಜನ್ಮವಿಡೀ ಬಿಡುತ್ತೇನೆಂಬ ಆಣೆಯನ್ನೂ ಕೇಳಲಿಲ್ಲ. ಈ ಹೊತ್ತು ಕುಡಿಯದಿದ್ದರೆ ಸಾಕು, ನಾಳೆಯ ಮಾತು ನಾಳೆಗೆ. ಭಾವ ಬಾಯಿ ಬಿಡಲಿಲ್ಲ. ಚಹದ ಹೊತ್ತಿಗೆ ಕಪ್ಪು ನೀಡಿದ ಹಿರಿಯರೊಬ್ಬರು ಮೆಲ್ಲಗೆ ಕನ್ನಡದಲ್ಲಿ, “ಮುಂದಿನ ವಾರವೂ ಬನ್ನಿ” ಎಂದರು. ನೋಡಿದರೆ, ನಮ್ಮ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ ಕಾಣುವವರು! ಭಾವನ ಮುಖ ಬಿಳುಚಿತು. ಆದರೆ ಅವರು ಊರು ಕೇಳಲಿಲ್ಲ, ಯಾರ ಪೈಕಿ ಎನ್ನಲಿಲ್ಲ. ಹಿಂದಿರುಗುವ ಗಾಡಿಯಲ್ಲಿ ಭಾವ ಬಹಳ ಹೊತ್ತು ಸುಮ್ಮನಿದ್ದು, “ಅವರೂ ಐದು ಸ್ಟೇಶನ್ ದಾಟಿಯೇ ಬಂದಿರಬೇಕು” ಎಂದರು.

ಈ ಪದ್ಧತಿಯೇ ಹೀಗೆ ಹುಟ್ಟಿದ್ದು. 1935ರಲ್ಲಿ ಅಮೆರಿಕದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದು ಸೋತ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ, ಹೋಟೆಲಿನ ಬಾರಿಗೆ ಹೋಗುವ ಆಸೆಯನ್ನು ತಡೆಯಲು, ತನ್ನಂಥ ಇನ್ನೊಬ್ಬ ವ್ಯಸನಿಯನ್ನು ಹುಡುಕುತ್ತ ಫೋನು ಮಾಡಿದನು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಇಬ್ಬರ ಮಾತುಕತೆಯೇ ಸಂಸ್ಥೆಯಾಯಿತು. ಭಾರತದಲ್ಲಿ ಇದರ ಕೆಲಸ ತೊಡಗಿದ್ದು 1957ರಲ್ಲಿ. ಆಗ ಮುಂಬಯಿ ರಾಜ್ಯದಲ್ಲಿ 1949ರ ಪಾನನಿರೋಧ ಕಾಯಿದೆಯಿತ್ತು. ಕಾಯಿದೆ ಅಂಗಡಿಯ ಬಾಗಿಲು ಮುಚ್ಚಬಲ್ಲುದು. ಮನುಷ್ಯನ ಬಾಯಾರಿಕೆಗೆ ಇನ್ನೊಬ್ಬ ಮನುಷ್ಯನೇ ಬೇಕು. ನಮ್ಮೂರ ಕಡೆಯೂ ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಜನರು ‘ನವಜೀವನ ಸಮಿತಿ’ಗಳಾಗಿ ಕೂಡುತ್ತಿರುವುದು ಇದೇ ಕಾರಣಕ್ಕೆ.

ಬೇಕಾದವರಿಗೆ ದಾರಿಗಳುಂಟು. ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಬಾಂದ್ರಾದಲ್ಲಿ 1981ರಲ್ಲಿ ಆರಂಭವಾದ ಕೃಪಾ ಫೌಂಡೇಶನ್ ಇದೆ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಹಣ ಕೊಡಬೇಕಿಲ್ಲ. ಮನೆಯವರಿಗಾಗಿಯೇ 1951ರಲ್ಲಿ ಹುಟ್ಟಿದ ಅಲ್-ಅನಾನ್ ಎಂಬ ಕೂಟವಿದೆ. ಅಕ್ಕ ಅಲ್ಲಿಗೆ ಹೋಗತೊಡಗಿದ ಮೇಲೆ “ಜ್ವರ” ಎಂದು ಫೋನು ಮಾಡುವುದನ್ನು ಬಿಟ್ಟಳು. ನಾವೂ ಅರ್ಜಿ ಬರೆಯುವುದನ್ನು ಬಿಟ್ಟೆವು.

ಎಲ್ಲವೂ ಸುಖಾಂತ್ಯವೆಂದು ಹೇಳಲಾರೆವು. ನಾಲ್ಕನೆಯ ತಿಂಗಳಲ್ಲಿ, ಚೌತಿಯ ಮರುದಿನ, ಭಾವ ಮತ್ತೆ ಎಡವಿದರು. ಆ ವಾರ ನಾಚಿಕೆಯಿಂದ ಸಭೆಗೆ ಹೋದಾಗ ಯಾರೂ ಕಾರಣ ಕೇಳದೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರಂತೆ. ಈಗ ಅದಕ್ಕೆ ಹದಿನಾಲ್ಕು ತಿಂಗಳು.

ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮದುವೆಯ ಪಾರ್ಟಿಯಲ್ಲಿ ಯಾರಾದರೂ “ಬೇಡ” ಎಂದರೆ ಒತ್ತಾಯಿಸಬೇಡಿ. ಒಂದು ಕುಟುಂಬ ಸಂಘಕ್ಕೆ ಬರುವುದು ನಿಂತರೆ “ಏಕೆ?” ಎಂದು ಕೇಳುವ ಬದಲು “ಭಾನುವಾರ ಊಟಕ್ಕೆ ಬನ್ನಿ” ಎನ್ನಿ. ಊರು ಕೇಳುವ ನಮ್ಮ ಸಭೆಗಳಲ್ಲಿಯೂ ಬೆಂಚಿನ ಮೇಲೆ ಒಬ್ಬರಿಗಾಗುವಷ್ಟು ಜಾಗ ಇರಲಿ.