ಕಲ್ಲಿನ ಅಡಿಯ ಸುಣ್ಣ

ಒಣ ಸೀಮೆಯ ಸುಣ್ಣಕಲ್ಲಿನ ಬೆಟ್ಟದಲ್ಲಿ, ಅರ್ಧ ಹೂತ ಕಲ್ಲೊಂದನ್ನು ಕಿತ್ತು ಮಗುಚಿದರೆ ಅದರ ಎರಡು ಮೈಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೇಲ್ಮೈ ಬೂದು ಬಣ್ಣದ್ದು, ಮಳೆಗೆ ಸವೆದು ಒರಟಾದದ್ದು. ಕೆಳಮೈಗೆ ಬಿಳಿಯ ಹಕ್ಕಳೆ ಅಂಟಿರುತ್ತದೆ. ಹೊಸದಾದರೆ ಉಗುರಿನಿಂದ ಕೆರೆದಾಗ ಹಿಟ್ಟಿನಂತೆ ಉದುರುತ್ತದೆ. ಹಳೆಯದಾದರೆ ಉಗುರಿಗೆ ಬಗ್ಗುವುದಿಲ್ಲ. ಕೆಲವು ಕಲ್ಲುಗಳಲ್ಲಿ ಅದು ಪುಟ್ಟ ಮೊನೆಗಳಾಗಿ ಕೆಳಕ್ಕೆ ಇಳಿಬಿದ್ದಿರುತ್ತದೆ. ಒಂದು ಹನಿ ತೆಳು ಆಮ್ಲ ಬಿಟ್ಟರೆ ಬುಸುಬುಸು ನೊರೆ ಏಳುತ್ತದೆ. ಈ ಬಿಳಿ ಹಕ್ಕಳೆ ಅಲ್ಲೇಕೆ ಕೂತಿತು ಎಂದು ಕೇಳುತ್ತ ಹೋದರೆ ಇಡೀ ಬೆಟ್ಟದ ನೀರಿನ ಲೆಕ್ಕ ತೆರೆದುಕೊಳ್ಳುತ್ತದೆ.

ಈ ಪ್ರಶ್ನೆಯನ್ನು ಅತ್ಯಂತ ತಾಳ್ಮೆಯಿಂದ ಬೆನ್ನಟ್ಟಿದ್ದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಕ್ರೂಸೆಸ್ ಊರಿನ ಸುತ್ತಮುತ್ತ. ಅಲ್ಲಿನ ರೋಬ್ಲೆಡೊ, ಸ್ಯಾನ್ ಆಂಡ್ರೆಸ್ ಬೆಟ್ಟಸಾಲುಗಳಲ್ಲಿ ಹೇರಳವಾಗಿ ಸುಣ್ಣಕಲ್ಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲಡಿಯಲ್ಲಿ ಕೂಡಿ ಗಟ್ಟಿಯಾದ ಕಲ್ಲು ಅದು. ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ 250 ಮಿಲಿಮೀಟರ್ ಆಸುಪಾಸು, ಅಂದರೆ ನಮ್ಮ ಚಳ್ಳಕೆರೆಯಂಥ ಒಣ ತಾಲ್ಲೂಕಿಗೆ ಸಿಗುವುದರ ಹೆಚ್ಚುಕಡಿಮೆ ಅರ್ಧ. ಬೆಟ್ಟದ ಮೇಲೆ ಸ್ವಲ್ಪ ಹೆಚ್ಚು. ಇಳಿಜಾರಿನ ತುಂಬ ಕಲ್ಲಿನ ಚೂರು, ನಡುನಡುವೆ ಕ್ರಿಯೋಸೋಟ್ ಪೊದೆ, ಮುಳ್ಳಿನ ಒಕೊಟೀಯೊ, ಕತ್ತಾಳೆಯ ಜಾತಿಯ ಲೆಚುಗೀಯಾ. ನೋಡಿದವರಿಗೆ ಅದನ್ನು ಮಣ್ಣು ಎನ್ನಲು ಮನಸ್ಸು ಬಾರದು. ಆದರೆ ಮಣ್ಣುವಿಜ್ಞಾನಿಗಳು ಅದಕ್ಕೊಂದು ವರ್ಗವನ್ನೇ ಮಾಡಿದ್ದಾರೆ: ಎರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಗಾತ್ರದಲ್ಲಿ ಶೇಕಡಾ 35ಕ್ಕಿಂತ ಹೆಚ್ಚಿದ್ದರೆ ಅದು ಅಸ್ಥಿಪಂಜರದ ಮಣ್ಣು.

ಸುಣ್ಣಕಲ್ಲಿನಿಂದ ಮಣ್ಣು ಹುಟ್ಟುವುದು ತೀರ ನಿಧಾನ. ಗ್ರಾನೈಟ್ ಸವೆದರೆ ಮರಳು, ಜೇಡಿ ಉಳಿಯುತ್ತವೆ. ಸುಣ್ಣಕಲ್ಲು ನೀರಿನಲ್ಲಿ ಕರಗಿಯೇ ಹೋಗುತ್ತದೆ. ನೂರಕ್ಕೆ 95 ಪಾಲು ಕಾರ್ಬೊನೇಟ್ ಇರುವ ಕಲ್ಲು ಒಂದು ಮೀಟರ್ ಕರಗಿದರೂ ಹಿಂದೆ ಉಳಿಯುವ ಜೇಡಿ, ಮರಳು ಐದು ಸೆಂಟಿಮೀಟರ್ ದಪ್ಪ ಬಂದರೆ ಹೆಚ್ಚು. ಮಳೆ ಧಾರಾಳವಾಗಿರುವ ನಾಡಿನಲ್ಲಿ ಈ ಕರಗುವಿಕೆ ಗುಹೆಗಳನ್ನು ಕೊರೆಯುತ್ತದೆ. ಒಣ ಬೆಟ್ಟದಲ್ಲಿ ಅಷ್ಟು ನೀರಿಲ್ಲ. ಕಲ್ಲು ಬಿಸಿಲು ಚಳಿಗೆ ಸೀಳಿ, ಚೂರಾಗಿ, ಇಳಿಜಾರಿನಲ್ಲಿ ಜಾರುತ್ತದೆ. ಚೂರುಗಳ ಸಂದಿಗೆ ಗಾಳಿ ದೂಳು ತುಂಬುತ್ತದೆ. ಈ ಇಳಿಜಾರುಗಳ ನಯವಾದ ಮಣ್ಣಿನಲ್ಲಿ ದೊಡ್ಡ ಪಾಲು ದೂರದಿಂದ ಹಾರಿಬಂದದ್ದೇ.

ಇನ್ನು ಹಕ್ಕಳೆಯ ವಿಷಯ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ಮಳೆನೀರಿಗೆ ಬೆರೆತು ಮೆದು ಆಮ್ಲವಾಗುತ್ತದೆ, ಸುಣ್ಣವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಇಳಿಯುವ ನೀರು ಕಲ್ಲನ್ನು ಸುತ್ತಿ ಬಂದು ಅದರ ಹೊಟ್ಟೆಯಡಿ ತೊಟ್ಟಾಗಿ ನಿಲ್ಲುತ್ತದೆ. ಮಳೆ ನಿಂತ ಮೇಲೆ ಬೇರು ಆ ನೀರನ್ನು ಹೀರುತ್ತದೆ, ಉಳಿದದ್ದು ಆವಿಯಾಗುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರದ ಹಿಂದಿರುವುದೂ ಹೆಚ್ಚುಕಡಿಮೆ ಇದೇ ರಸಾಯನ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಅಗೆದಾಗ ಸಿಗುವ ಸುಣ್ಣದ ಹರಳುಗಳೂ ಹೀಗೆಯೇ ಹುಟ್ಟಿದವು.

1957ರಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ಲಾಸ್ ಕ್ರೂಸೆಸ್‌ನಲ್ಲಿ ‘ಡೆಸರ್ಟ್ ಪ್ರಾಜೆಕ್ಟ್’ ಆರಂಭಿಸಿತು. ಲೀಲೆಂಡ್ ಗೈಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಗುಂಡಿ ತೋಡಿಸಿ ನೋಡಿದರು. 1966ರಲ್ಲಿ ಗೈಲ್, ಪೀಟರ್ಸನ್, ಗ್ರಾಸ್‌ಮನ್ ಪ್ರಕಟಿಸಿದ ಲೇಖನ ಇಂದಿಗೂ ಜಗತ್ತಿನ ಒಣಭೂಮಿ ಮಣ್ಣುಗಳನ್ನು ಓದುವವರ ಕೈಪಿಡಿ. ಜಲ್ಲಿ ತುಂಬಿದ ಮಣ್ಣಿನಲ್ಲಿ ಸುಣ್ಣ ಕೂಡುವುದನ್ನು ಅವರು ನಾಲ್ಕು ಹಂತಗಳಾಗಿ ಗುರುತಿಸಿದರು. ಮೊದಲು ಕಲ್ಲಿನ ಅಡಿಗೆ ತೆಳು ಲೇಪ. ಕೆಲವು ಸಾವಿರ ವರ್ಷಗಳಲ್ಲಿ ಇಷ್ಟು. ಮುಂದೆ ಲೇಪ ದಪ್ಪವಾಗಿ ಕಲ್ಲು ಕಲ್ಲಿನ ನಡುವೆ ಕೂಡುತ್ತದೆ. ಮೂರನೆಯ ಹಂತದಲ್ಲಿ ಸಂದಿಗಳೆಲ್ಲ ಮುಚ್ಚಿ ಇಡೀ ಪದರ ಬಿಳಿಯ ಕಾಂಕ್ರೀಟಿನಷ್ಟು ಬಿಗಿಯಾಗುತ್ತದೆ. ಆಗ ನೀರಿಗೆ ಕೆಳಗಿಳಿಯಲು ದಾರಿಯಿಲ್ಲ. ಅದು ಪದರದ ನೆತ್ತಿಯ ಮೇಲೆ ಹರಡಿ ನಿಂತು, ಅಲ್ಲಿ ಎಳೆ ಎಳೆಯಾದ ಹಾಸು ಕಟ್ಟುತ್ತದೆ. ಅದೇ ನಾಲ್ಕನೆಯ ಹಂತ. ಅಲ್ಲಿಯ ಜನ ಇಂಥ ಗಟ್ಟಿ ಪದರಕ್ಕೆ ಕಲೀಚಿ ಎನ್ನುತ್ತಾರೆ. ಜಲ್ಲಿ ಹೆಚ್ಚಿದ್ದಷ್ಟೂ ಈ ನಾಲ್ಕು ಹಂತ ಬೇಗ ಮುಗಿಯುತ್ತವೆ, ಏಕೆಂದರೆ ತುಂಬಬೇಕಾದ ಸಂದಿಯೇ ಕಡಿಮೆ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇನ್ನೊಂದು ಸಂಗತಿ. ಸುಣ್ಣವೇ ಇಲ್ಲದ ರಯೊಲೈಟ್ ಜ್ವಾಲಾಶಿಲೆಯ ಜಲ್ಲಿಯ ಮೇಲೂ ಅದೇ ಬಿಳಿ ಹಕ್ಕಳೆ ಇತ್ತು. ಹಾಗಾದರೆ ಅದು ಬಂದದ್ದೆಲ್ಲಿಂದ? ದೂಳು ಹಿಡಿಯುವ ತಟ್ಟೆಗಳನ್ನಿಟ್ಟು ವರ್ಷಾನುವರ್ಷ ಅಳೆದಾಗ ಉತ್ತರ ಸಿಕ್ಕಿತು: ಗಾಳಿಯ ದೂಳಿನಿಂದ, ಮಳೆಹನಿಯಿಂದ. ಮುಂದೆ ಸ್ಟ್ರಾನ್ಷಿಯಂ ಐಸೊಟೋಪುಗಳ ಪರೀಕ್ಷೆಯೂ ಇದನ್ನೇ ಹೇಳಿತು. ಸುಣ್ಣಕಲ್ಲಿನ ಇಳಿಜಾರಿನಲ್ಲಿ ಮೇಲಿನಿಂದ ಬಂದದ್ದರ ಜೊತೆಗೆ ಕಲ್ಲೇ ಕರಗಿಸಿ ಕೊಟ್ಟದ್ದೂ ಸೇರುತ್ತದೆ.

ಇದರಿಂದ ಒಂದು ತೊಡಕೂ ಉಂಟು. ಹಕ್ಕಳೆಯ ಇಂಗಾಲದಿಂದ ಅದರ ವಯಸ್ಸು ಲೆಕ್ಕ ಹಾಕಲು ಹೋದರೆ, ಕರಗದೆ ಉಳಿದ ಪುರಾತನ ಸುಣ್ಣಕಲ್ಲಿನ ಕಣಗಳು ಬೆರೆತು ವಯಸ್ಸನ್ನು ಹಿಗ್ಗಿಸಿಬಿಡುತ್ತವೆ. ಒಣಭೂಮಿಯ ಸುಣ್ಣ ವಾತಾವರಣದ ಇಂಗಾಲವನ್ನು ಹಿಡಿದಿಡುತ್ತದೆ ಎಂಬ ಮಾತನ್ನೂ ಇಲ್ಲಿ ಎಚ್ಚರದಿಂದ ತೆಗೆದುಕೊಳ್ಳಬೇಕು. ಸುಣ್ಣಕಲ್ಲು ಕರಗುವಾಗ ಹೀರಿಕೊಂಡ ಅನಿಲವನ್ನು ಮತ್ತೆ ಹಕ್ಕಳೆಯಾಗಿ ಕೂರುವಾಗ ಬಿಟ್ಟುಕೊಡುತ್ತದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಜವಾದ ಉಳಿತಾಯ ಆಗುವುದು ಕ್ಯಾಲ್ಸಿಯಂ ಸಿಲಿಕೇಟ್ ಕಲ್ಲಿನಿಂದ ಬಂದಾಗ ಮಾತ್ರ.

ಆದರೂ ಹಕ್ಕಳೆ ಹೇಳುವುದು ಬಹಳ. ಅದು ಕಲ್ಲಿನ ಮೇಲ್ಮೈಯಲ್ಲಿ ಕಂಡರೆ ಆ ಕಲ್ಲು ಎಂದೋ ಉರುಳಿ ಮಗುಚಿಕೊಂಡಿದೆ, ಇಳಿಜಾರು ಅಲುಗಿದೆ. ಅದರ ಹಗುರ ಮತ್ತು ಭಾರ ಇಂಗಾಲದ ಪ್ರಮಾಣ ನೋಡಿ ಆ ಕಾಲದಲ್ಲಿ ಅಲ್ಲಿ ಬೆಳೆದಿದ್ದು ಹುಲ್ಲೋ ಪೊದೆಯೋ ಎಂದು ತಿಳಿಯಬಹುದು. ಹಿಮಯುಗ ಮುಗಿದ ಮೇಲೆ ಈ ಸೀಮೆಯಲ್ಲಿ ಹುಲ್ಲು ಹಿಂಜರಿದು ಪೊದೆ ಮುಂದೆ ಬಂದದ್ದು ಗೊತ್ತಾದದ್ದು ಹೀಗೆ.

ಕಲ್ಲು ಹೆಚ್ಚಿದ್ದರೆ ಭೂಮಿ ಬಡವಾಯಿತು ಎನ್ನುವುದು ರೂಢಿಯ ಮಾತು. ಒಣ ಬೆಟ್ಟದ ಮಟ್ಟಿಗೆ ನಾನದನ್ನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಮಣ್ಣು ತನ್ನ ಗಾತ್ರದ ಶೇಕಡಾ 15ರಷ್ಟು ನೀರು ಹಿಡಿಯುತ್ತದೆ ಎಂದುಕೊಳ್ಳೋಣ. 30 ಮಿಲಿಮೀಟರ್ ಮಳೆ ಬಿದ್ದರೆ ಅದು 20 ಸೆಂಟಿಮೀಟರ್ ಆಳಕ್ಕೆ ನೆನೆಯುತ್ತದೆ. ಎರಡು ವಾರದ ಬಿಸಿಲಿಗೆ ಅದರಲ್ಲಿ ಬಹುಪಾಲು ಹಾರಿಹೋಗುತ್ತದೆ. ಅದೇ ಮಣ್ಣಿನಲ್ಲಿ ಅರ್ಧ ಗಾತ್ರ ಕಲ್ಲಾಗಿದ್ದರೆ ಅಷ್ಟೇ ಮಳೆ 40 ಸೆಂಟಿಮೀಟರ್ ಇಳಿಯುತ್ತದೆ. ಅಲ್ಲಿಗೆ ಬಿಸಿಲಿನ ಕೈ ಅಷ್ಟಾಗಿ ಮುಟ್ಟದು, ಬೇರು ಮುಟ್ಟುತ್ತದೆ. ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೋಯ್-ಮೆಯ್ರ್ 1973ರಲ್ಲಿ ಈ ತತ್ತ್ವವನ್ನು ವಿವರಿಸಿದ್ದರು: ತೇವದ ನಾಡಿನಲ್ಲಿ ಜೇಡಿಮಣ್ಣು ಮೇಲು, ಒಣ ನಾಡಿನಲ್ಲಿ ದಪ್ಪ ಕಣದ ಮಣ್ಣು ಮೇಲು. ಗದಗ, ಕೊಪ್ಪಳದ ಕಡೆ ಎರೆಹೊಲಕ್ಕೆ ಹಳ್ಳದ ಗರಸು, ಮರಳು ಹೇರಿ ಹರಡುವ ರೈತರಿಗೆ ಈ ಮಾತನ್ನು ಯಾರೂ ಕಲಿಸಬೇಕಿಲ್ಲ. ಹಸಿ ನಿಲ್ಲುವುದನ್ನು ಅವರು ಕಣ್ಣಾರೆ ಕಂಡವರು.

ಕೊರತೆಗಳೂ ಇವೆ. ಇಂಥ ಮಣ್ಣಿನ ಪಿಎಚ್ 8ರ ಹತ್ತಿರ ಇರುವುದರಿಂದ ರಂಜಕವನ್ನು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಕಬ್ಬಿಣ ಗಿಡಕ್ಕೆ ಸಿಗದೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತದೆ. ಸುಣ್ಣ ಹೆಚ್ಚಿರುವ ಹೊಲದಲ್ಲಿ ಶೇಂಗಾ ಬೆಳೆದವರಿಗೆ ಈ ಹಳದಿ ಪರಿಚಿತ. ಬೆಟ್ಟದ ಗಿಡಗಳು ಇದನ್ನು ತಾಳಿಕೊಳ್ಳಲು ಕಲಿತು ನಿಧಾನವಾಗಿ ಬೆಳೆಯುತ್ತವೆ.

ಲಾಸ್ ಕ್ರೂಸೆಸ್‌ನ ಉತ್ತರಕ್ಕೆ, ಸ್ಯಾನ್ ಆಂಡ್ರೆಸ್ ಬೆಟ್ಟಗಳ ತಪ್ಪಲಿನಲ್ಲಿ, 1912ರಿಂದ ಜೋರ್ನಾಡ ಸಂಶೋಧನಾ ಹುಲ್ಲುಗಾವಲು ಇದೆ. 1858ರ ಭೂಮಾಪಕರ ಟಿಪ್ಪಣಿಗಳಲ್ಲಿ ಹುಲ್ಲೆಂದು ಬರೆದಿರುವ ಎಷ್ಟೋ ಕಡೆ ಈಗ ಬರೀ ಪೊದೆ. ದನಗಳ ಮಿತಿಮೀರಿದ ಮೇಯುವಿಕೆ, ಬರ ಎರಡೂ ಕೂಡಿ ಮೇಲಿನ ಮಣ್ಣು ಕೊಚ್ಚಿಹೋಯಿತು, ಬಿಳಿ ಪದರ ಮೇಲಕ್ಕೆ ಬಂತು. ಆ ಪದರವನ್ನು ಬೇರಿಗೆ ಅಡ್ಡಗಟ್ಟುವ ಬಂಡೆ ಎಂದೇ ಬಹುಕಾಲ ತಿಳಿಯಲಾಗಿತ್ತು. ಅಲ್ಲಿಯ ವಿಜ್ಞಾನಿಗಳು ಪದರದ ತುಂಡುಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳಿತು: ಅದರ ಸೂಕ್ಷ್ಮ ರಂಧ್ರಗಳು ಸಾಕಷ್ಟು ನೀರನ್ನು ಹೀರಿ ಹಿಡಿಯುತ್ತವೆ, ಗಿಡಗಳು ಎಳೆದುಕೊಳ್ಳಬಲ್ಲ ನೀರನ್ನು. ಹಾಗಾಗಿ ಆ ಇಳಿಜಾರುಗಳಲ್ಲಿ ಹುಲ್ಲನ್ನು ಮರಳಿ ತರಬೇಕೆನ್ನುವವರು ಬಿಳಿ ಪದರ ಒಂದು ಗೇಣು ಆಳದಲ್ಲಿದೆಯೋ ಒಂದು ಮೊಳದಲ್ಲಿದೆಯೋ ಎಂದು ಮೊದಲು ಅಗೆದು ನೋಡಬೇಕು. ಅದನ್ನು ತಿಳಿಯದೆ ಬೀಜ ಚೆಲ್ಲುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ.