ರಂಜಕದಿಂದ ಕೇಪಿಗೆ: ಗುರಿಕೋವಿಯ ತೋಟಾದಲ್ಲಿ ಕಿಡಿಯ ಆಯ್ಕೆ

ಕನ್ನಡದಲ್ಲಿ ‘ಮದ್ದು’ ಎಂಬ ಒಂದೇ ಪದವು ರೋಗಿಯ ಬಾಯಿಗೂ ಕೋವಿಯ ಬಾಯಿಗೂ ಸಲ್ಲುತ್ತದೆ. ತೆಲುಗಿನ ‘ಮಂದು’ವಿನ ಪಾಡೂ ಅದೇ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳ ಸೀಮೆಯಲ್ಲಿ ಎರಡು ನುಡಿಗಳ ನಡುವೆ ಬೆಳೆದವರಿಗೆ ಈ ಸಾಮ್ಯ ಹೊಸದಲ್ಲ. ‘ಕೋವಿ’ ಎಂಬುದು ಕೊಳವೆ ಎಂಬ ಅರ್ಥದ ದೇಶೀ ಪದ. ‘ತುಪಾಕಿ’ ತುರ್ಕಿಯ ಕಡೆಯಿಂದ ಬಂದುದು, ‘ಬಂದೂಕು’ ಅರಬ್ಬಿಯ ಕಡೆಯಿಂದ ಬಂದುದು. ಇವೆಲ್ಲವುಗಳ ಬಳಿಕ, ಹತ್ತೊಂಬತ್ತನೆಯ ಶತಮಾನದಲ್ಲಿ, ಇಂಗ್ಲಿಷಿನಿಂದ ‘ಕೇಪು’ ಬಂದಿತು. ಕಾದಂಬರಿಗಳಲ್ಲಿ ಕೋವಿ ಬರುತ್ತದೆ, ಬೇಟೆ ಬರುತ್ತದೆ, ಈಡು ಹಾರುತ್ತದೆ; ಆದರೆ ಕುದುರೆ ಎಳೆದ ಕ್ಷಣದಲ್ಲಿ ಕೊಳವೆಯೊಳಗಿನ ಮದ್ದಿಗೆ ಬೆಂಕಿ ತಗಲುವುದು ಹೇಗೆಂದು ಓದುಗರು ಕೇಳುವುದು ಕಡಿಮೆ. ಗುರಿಯ ಕ್ರೀಡೆಯಲ್ಲಿ ತೊಡಗಿದವರಿಗೆ ಮಾತ್ರ ಆ ಪ್ರಶ್ನೆಯನ್ನು ಬಿಟ್ಟರೆ ಗತಿಯಿಲ್ಲ.

ಬೆಂಕಿ ತಗಲಿಸುವ ಕಷ್ಟ ಕೋವಿಯಷ್ಟೇ ಹಳೆಯದು. ಪಾಳೆಯಗಾರರ ಕಾಲದ ಬತ್ತಿಕೋವಿಯಲ್ಲಿ ಕೊಳವೆಯ ಬುಡಕ್ಕೊಂದು ಸಣ್ಣ ರಂಧ್ರ, ಅದರ ಹೊರಗೊಂದು ಪುಟ್ಟ ತಟ್ಟೆ. ಆ ತಟ್ಟೆಗೆ ಹಾಕುವ ನುಣುಪು ಮದ್ದಿಗೆ ‘ರಂಜಕ’ ಎಂದು ಹೆಸರು. ಮರಾಠಿ, ಹಿಂದಿಗಳಲ್ಲೂ ಇದೇ ಪದವಿದೆ. ‘ಮನರಂಜಕ’ದ ರಂಜಕವನ್ನಷ್ಟೇ ಬಲ್ಲ ಇಂದಿನ ವಿದ್ಯಾರ್ಥಿಗೆ ಇದು ಅಚ್ಚರಿ ತರಬಹುದು. ಉರಿಯುವ ಬತ್ತಿ ರಂಜಕಕ್ಕೆ ತಾಗಿ, ರಂಜಕದ ಉರಿ ರಂಧ್ರದೊಳಗೆ ನುಗ್ಗಿ, ಒಳಗಿನ ಮದ್ದು ಹೊತ್ತಬೇಕು. ಮಳೆ ಬಂದರೆ ಬತ್ತಿ ಆರುತ್ತದೆ, ಗಾಳಿ ಬೀಸಿದರೆ ರಂಜಕ ಹಾರುತ್ತದೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ದತ್ತ ಮಂಡಲದಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರನ್ನು ಅಡಗಿಸಿದಾಗ ಇಲ್ಲಿನ ಕೋಟೆಗಳಲ್ಲಿ ಹೆಚ್ಚಾಗಿದ್ದುದು ಇಂಥ ಕೋವಿಗಳೇ. ಚಕಮಕಿ ಕಲ್ಲಿನ ಕೋವಿಯಲ್ಲಿ ಬತ್ತಿಯ ತೊಂದರೆ ತಪ್ಪಿತು, ರಂಜಕದ ತೊಂದರೆ ತಪ್ಪಲಿಲ್ಲ. ಕುದುರೆ ಎಳೆದುದಕ್ಕೂ ಗುಂಡು ಹೊರಟುದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ವಿಳಂಬವಿತ್ತು. ಆ ಎಡೆಯಲ್ಲಿ ಕೈ ಅಲುಗಿದರೆ ಗುರಿ ತಪ್ಪಿದಂತೆಯೇ.

ಅಲೆಗ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗೆ ಹಕ್ಕಿಬೇಟೆಯ ಹವ್ಯಾಸವಿತ್ತು. ತಟ್ಟೆಯ ಹೊಗೆ, ಮಿಂಚುಗಳನ್ನು ಕಂಡು ಹಕ್ಕಿಗಳು ಗುಂಡಿಗೂ ಮುನ್ನ ಹಾರಿಹೋಗುತ್ತಿದ್ದವು. ಏಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ರಂಜಕದ ಸ್ಥಾನದಲ್ಲಿಟ್ಟು ಆತ 1807ರಲ್ಲಿ ಹಕ್ಕುಪತ್ರ ಪಡೆದ. ಮುಂದೆ ಆ ಸಿಡಿಮದ್ದನ್ನು ತಾಮ್ರದ ಪುಟ್ಟ ಟೋಪಿಯಲ್ಲಿ ಅಡಕಗೊಳಿಸಿದರು, ಅದೇ ಕೇಪು. ನಮ್ಮ ಹಳ್ಳಿಗಾಡಿನ ಬಾಯಿಮದ್ದಿನ ಕೋವಿಗೆ, ತೆಲುಗಿನವರು ‘ನಾಟು ತುಪಾಕಿ’ ಎನ್ನುವುದಕ್ಕೆ, ಇಂದಿಗೂ ಇಂಥ ಕೇಪನ್ನೇ ಹೊರಗಿನಿಂದ ತೊಡಿಸುವುದುಂಟು. ಬೆಳೆಯ ರಕ್ಷಣೆಗಾಗಿ ಬಾಯಿಮದ್ದಿನ ಕೋವಿಗೆ ಪರವಾನಗಿ ಕೊಡುವ ಮಾತು 1959ರ ಆಯುಧ ಕಾಯಿದೆಯಲ್ಲೇ ಇದೆ.

ಆಧುನಿಕ ತೋಟಾದಲ್ಲಿ ಈ ಕೇಪು ಹೊರಗಿಲ್ಲ; ಹಿತ್ತಾಳೆಯ ಕೋಶದ ತಳದಲ್ಲಿ ಕೊರೆದ ಕುಳಿಯೊಳಗೆ ಕೂತಿದೆ. ಇದಕ್ಕೆ ಈಗ ಬಳಕೆಯಲ್ಲಿರುವ ಹೆಸರು ಪ್ರೈಮರ್. ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಸಿಡಿಮದ್ದಿನ ತೆಳುಪದರ, ಅದರ ಮೇಲೆ ಅಡಿಗಲ್ಲಿನಂಥ ಲೋಹದ ಚೂರು. ಕೋವಿಯ ಸೂಜಿ ಬಟ್ಟಲನ್ನು ಕುಟ್ಟಿದಾಗ ಸಿಡಿಮದ್ದು ಅಡಿಗಲ್ಲಿಗೆ ಅಪ್ಪಳಿಸಿ ಹೊತ್ತುತ್ತದೆ. ಉರಿಯು ಕುಳಿಯ ತಳದ ರಂಧ್ರದ ಮೂಲಕ ಮುಖ್ಯ ಮದ್ದಿಗೆ ತಲುಪುತ್ತದೆ. ಅಡಿಗಲ್ಲು ಪ್ರೈಮರಿನಲ್ಲೇ ಇದ್ದು ಕೋಶದಲ್ಲಿ ನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್ ಪದ್ಧತಿ. ಅಡಿಗಲ್ಲು ಕೋಶದ ಭಾಗವೇ ಆಗಿದ್ದು ಅಕ್ಕಪಕ್ಕ ಎರಡು ರಂಧ್ರಗಳಿದ್ದರೆ ಅದು ಬರ್ಡಾನ್ ಪದ್ಧತಿ. ಎರಡೂ 1860ರ ದಶಕದವು. ಬಾಕ್ಸರ್ ಇಂಗ್ಲೆಂಡಿನವನು, ಬರ್ಡಾನ್ ಅಮೆರಿಕದವನು; ಆದರೆ ಅಮೆರಿಕ ಒಪ್ಪಿಕೊಂಡದ್ದು ಇಂಗ್ಲಿಷನ ಕಲ್ಪನೆಯನ್ನು, ಯುರೋಪಿನ ಸೈನ್ಯಗಳು ಬಹುಕಾಲ ಒಪ್ಪಿಕೊಂಡದ್ದು ಅಮೆರಿಕನ್ನನದನ್ನು. ಹಾರಿಸಿದ ಕೋಶದಿಂದ ಹಳೆಯ ಪ್ರೈಮರನ್ನು ಒಂದು ಕಡ್ಡಿಯಿಂದ ನೂಕಿ ತೆಗೆಯಲು ಬಾಕ್ಸರ್ ಪದ್ಧತಿಯೇ ಸುಲಭ. ಆದ್ದರಿಂದ ತೋಟಾವನ್ನು ಕೈಯಿಂದಲೇ ಮರಳಿ ತುಂಬಿಕೊಳ್ಳುವವರಿಗೆ ಬೇರೆ ಆಯ್ಕೆಯೇ ಇಲ್ಲವೆನ್ನಬೇಕು.

ಅಮೆರಿಕ, ಆಸ್ಟ್ರೇಲಿಯ, ಯುರೋಪಿನ ಹಲವು ದೇಶಗಳಲ್ಲಿ ದೂರಗುರಿಯ ಸ್ಪರ್ಧಿಗಳು ಕಾನೂನಿನ ಒಪ್ಪಿಗೆಯಿಂದ ತಮ್ಮ ತೋಟಾಗಳನ್ನು ತಾವೇ ತುಂಬುತ್ತಾರೆ. ಉಳಿತಾಯವೊಂದೇ ಅದರ ಕಾರಣವಲ್ಲ. ಒಂದು ಗುಂಡಿಗೂ ಮುಂದಿನ ಗುಂಡಿಗೂ ವ್ಯತ್ಯಾಸವಿರಬಾರದು ಎಂಬುದೇ ಅವರ ಹಟ. ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳಬಹುದು. ಎರಡು ಗುಂಡುಗಳ ನಡುವೆ 10 ಮೀಟರಿನಷ್ಟು ವೇಗವ್ಯತ್ಯಾಸವಿದ್ದರೆ 300 ಮೀಟರ್ ದೂರದ ಗುರಿಯಲ್ಲಿ ಅವು ಮೇಲೆ ಕೆಳಗೆ ಸುಮಾರು ಎರಡು ಸೆಂಟಿಮೀಟರ್ ಸರಿಯುತ್ತವೆ. ಅಲ್ಲಿನ ಹತ್ತರ ವೃತ್ತಕ್ಕೆ 100 ಮಿಲಿಮೀಟರ್ ವ್ಯಾಸವಿರುವುದರಿಂದ ಅದು ಸಹ್ಯವೇ. ಪಾಮಾ ಸ್ಪರ್ಧೆಯಂತೆ 1000 ಗಜಕ್ಕೆ ಹೋದರೆ ಅದೇ ವ್ಯತ್ಯಾಸ ಸುಮಾರು ಒಂದಡಿಯಾಗುತ್ತದೆ. ಆ ದೂರದಲ್ಲಿ ಪ್ರೈಮರಿನ ಕಿಡಿ ಲೆಕ್ಕಕ್ಕೆ ಬರುತ್ತದೆ.

ಹೊಸಬರು ‘ಹೆಚ್ಚು ಬಲದ ಪ್ರೈಮರ್ ಯಾವುದು?’ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಅದಲ್ಲ. ಪ್ರತಿ ಸಲವೂ ಒಂದೇ ತೆರನಾಗಿ ಹೊತ್ತುವುದು ಯಾವುದು, ಮತ್ತು ಕೋಶದಲ್ಲಿರುವ ಮದ್ದಿನ ಅಳತೆಗೆ ಎಷ್ಟು ಉರಿ ಸಾಕು? ಗಾತ್ರವನ್ನು ಮೊದಲು ನಿಶ್ಚಯಿಸುವುದು ತುಂಬುವವನಲ್ಲ, ಕೋಶವೇ. ಸಣ್ಣ ರೈಫಲ್ ಪ್ರೈಮರಿನ ವ್ಯಾಸ ಸುಮಾರು 4.45 ಮಿಲಿಮೀಟರ್, ದೊಡ್ಡದರದು 5.33. ಪಿಸ್ತೂಲಿನ ಸಣ್ಣ ಪ್ರೈಮರು ರೈಫಲ್ ಕುಳಿಯಲ್ಲಿ ಕೂರುತ್ತದೆ, ಆದರೆ ಅದರ ಬಟ್ಟಲು ತೆಳು. ರೈಫಲಿನ ಒತ್ತಡಕ್ಕೆ ಅದು ತೂತಾದರೆ ಬಿಸಿ ಅನಿಲ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ ಚಿಮ್ಮುತ್ತದೆ. ಕೂರುತ್ತದೆ ಎಂಬ ಮಾತ್ರಕ್ಕೆ ಒಗ್ಗುತ್ತದೆ ಎನ್ನಲಾಗದು.

ಬಳಿಕ ಉರಿಯ ಬಿಸುಪು. ಸಾಮಾನ್ಯ ಪ್ರೈಮರಿನ ಜೊತೆಗೆ ‘ಮ್ಯಾಗ್ನಂ’ ಎಂಬ ಬಿಸಿಯಾದ ಜಾತಿಯೊಂದಿದೆ. ದೊಡ್ಡ ಕೋಶದಲ್ಲಿ ನಿಧಾನವಾಗಿ ಉರಿಯುವ ಮದ್ದು ಬಹಳವಿದ್ದಾಗ, ಸುಲಭವಾಗಿ ಹೊತ್ತದ ಗುಂಡುಕಾಳಿನ ಮದ್ದಿದ್ದಾಗ, ಅಥವಾ ಹಿಮ ಬೀಳುವ ಚಳಿಯಲ್ಲಿ ಅದು ಬೇಕಾಗುತ್ತದೆ. .308ರಂಥ ಗುರಿತೋಟಾದಲ್ಲಿ ಇರುವುದು ಎರಡೂವರೆ ಮೂರು ಗ್ರಾಂ ಮದ್ದು. ಅದಕ್ಕೆ ಸಾಮಾನ್ಯ ಪ್ರೈಮರ್ ಧಾರಾಳವಾಯಿತು. ಮಳೆಗಿಂತ ಬಿಸಿಲನ್ನೇ ಹೆಚ್ಚು ಕಂಡ ಕಲ್ಯಾಣದುರ್ಗದ ಬಯಲಿನಂಥ ಹವೆಯಲ್ಲಿ ಮ್ಯಾಗ್ನಂ ಕಿಡಿಯನ್ನು ಹಂಬಲಿಸುವುದು ಬೇಸಗೆಯಲ್ಲಿ ಕಂಬಳಿ ಹೊದ್ದಂತೆ. ಅತಿಯಾದ ಉರಿಯು ಮದ್ದಿನ ಕಾಳುಗಳನ್ನು ಪುಡಿಗಟ್ಟಬಹುದು; ಮದ್ದು ಸರಿಯಾಗಿ ಹೊತ್ತುವ ಮೊದಲೇ ಗುಂಡನ್ನು ಮುಂದಕ್ಕೆ ನೂಕಬಹುದು. ಎರಡೂ ವೇಗದ ಏಕರೂಪತೆಗೆ ಶತ್ರುಗಳು. ಇದೇ ತರ್ಕವನ್ನು ಹಿಡಿದು ಫಿನ್ಲೆಂಡಿನ ಲಾಪುವಾ ಸಂಸ್ಥೆಯು ಪಾಮಾ ಸ್ಪರ್ಧೆಗೆಂದು ಸಣ್ಣ ಪ್ರೈಮರಿನ ಕುಳಿಯುಳ್ಳ .308 ಕೋಶವನ್ನು ತಯಾರಿಸಿದೆ; ಅದರ ಉರಿರಂಧ್ರಕ್ಕೆ ಕೇವಲ 1.5 ಮಿಲಿಮೀಟರ್ ವ್ಯಾಸ. ಕಿರಿದಾದ, ಮೆದುವಾದ ಕಿಡಿಯಿಂದ ಹೆಚ್ಚು ಸಮನಾದ ವೇಗ ದೊರೆಯುತ್ತದೆ ಎಂಬುದು ಅಲ್ಲಿನ ಲೆಕ್ಕ. ಕಡುಚಳಿಯಲ್ಲಿ ಅದೇ ಕೋಶ ಕೈಕೊಡುವ ಸಂಭವವಿದೆ ಎಂಬುದನ್ನೂ ಹೇಳಬೇಕು.

ಬಟ್ಟಲಿನ ದಪ್ಪವೂ ಒಂದು ವಿಚಾರ. ತಾನೇ ತೋಟಾ ಏರಿಸಿಕೊಳ್ಳುವ ಸೈನಿಕ ಮಾದರಿಯ ರೈಫಲುಗಳಲ್ಲಿ ಸೂಜಿಯನ್ನು ಹಿಡಿದಿಡುವ ಸ್ಪ್ರಿಂಗ್ ಇರುವುದಿಲ್ಲ. ಬೋಲ್ಟ್ ಮುಚ್ಚಿಕೊಳ್ಳುವಾಗ ಸೂಜಿ ಪ್ರೈಮರನ್ನು ಮೆಲ್ಲಗೆ ತಟ್ಟುತ್ತದೆ. ಮೃದುವಾದ ಬಟ್ಟಲಾದರೆ ಕುದುರೆ ಎಳೆಯದೆಯೇ ಈಡು ಹಾರೀತು. ಅಂಥವಕ್ಕೆಂದು ಸಿಸಿಐ ಸಂಸ್ಥೆಯ 34 ಮತ್ತು 41ರಂಥ ಗಟ್ಟಿ ಪ್ರೈಮರುಗಳಿವೆ. ಕೈಯಿಂದ ಬೋಲ್ಟ್ ಎಳೆಯುವ ಗುರಿರೈಫಲಿಗೆ ಈ ಭಯವಿಲ್ಲ. ಅಲ್ಲಿ ಫೆಡರಲ್‌ನ 205ಎಂ, 210ಎಂ, ಸಿಸಿಐಯ ಬಿಆರ್-4, ಬಿಆರ್-2ರಂಥ ‘ಸ್ಪರ್ಧಾ’ ಪ್ರೈಮರುಗಳಿಗೆ ಬೇಡಿಕೆ. ಇವುಗಳಲ್ಲಿ ಮಾಯೆಯೇನೂ ಇಲ್ಲ. ತಯಾರಿಯಲ್ಲೂ ಪರೀಕ್ಷೆಯಲ್ಲೂ ಹೆಚ್ಚಿನ ಎಚ್ಚರ ವಹಿಸಿರುತ್ತಾರೆ, ಅದಕ್ಕೆ ಹೆಚ್ಚು ಬೆಲೆ ಕೇಳುತ್ತಾರೆ. ನಿರ್ದಿಷ್ಟ ಕೋವಿಯಲ್ಲಿ, ನಿರ್ದಿಷ್ಟ ಮದ್ದಿನೊಡನೆ, ಅಗ್ಗದ ಸಾಮಾನ್ಯ ಪ್ರೈಮರು ಇವುಗಳನ್ನು ಮೀರಿಸಿದ ಉದಾಹರಣೆಗಳೂ ಉಂಟು. ಡಬ್ಬಿಯ ಮೇಲಿನ ಬರಹಕ್ಕಿಂತ ವೇಗಮಾಪಕದ ಅಂಕಿಯೂ ಗುರಿಕಾಗದದ ತೂತೂ ಹೆಚ್ಚು ನಂಬಲರ್ಹ.

ಆ ಪರೀಕ್ಷೆಯನ್ನು ಮಾಡುವ ಕ್ರಮವು ಪಾಠಾಂತರಗಳನ್ನು ಹೋಲಿಸಿ ನೋಡಿದ ಸಾಹಿತ್ಯ ವಿದ್ಯಾರ್ಥಿಗೆ ಅಪರಿಚಿತವೆನಿಸದು. ಕೋಶ, ಮದ್ದಿನ ತೂಕ, ಗುಂಡು, ಗುಂಡನ್ನು ಕೂರಿಸಿದ ಆಳ, ಎಲ್ಲವನ್ನೂ ಒಂದೇ ತೆರನಾಗಿಟ್ಟು ಪ್ರೈಮರನ್ನು ಮಾತ್ರ ಬದಲಾಯಿಸಬೇಕು. ಮೂರು ಈಡಿನ ಚೆಂದದ ಗುಂಪನ್ನು ಕಂಡು ತೀರ್ಪು ಕೊಡುವ ಆತುರ ಈ ಹವ್ಯಾಸದ ದೊಡ್ಡ ರೋಗ. ಮೂರು ಗುಂಡುಗಳು ಅದೃಷ್ಟದಿಂದಲೂ ಒಂದೆಡೆ ಬೀಳುತ್ತವೆ. ಒಂದೊಂದು ಪ್ರೈಮರಿಗೂ ಹತ್ತು ಈಡಿನ ಗುಂಪು, ಅದೂ ಬೇರೆ ಬೇರೆ ದಿನಗಳಲ್ಲಿ, ಆದರೆ ಮಾತ್ರ ಒಂದು ಅಭಿಪ್ರಾಯಕ್ಕೆ ಬರಬಹುದು. ಒಪ್ಪಿಗೆಯಾದುದನ್ನು ಒಂದೇ ತಯಾರಿಕಾ ಕಂತಿನಿಂದ ಇಡೀ ಋತುವಿಗೆ ಕೊಂಡಿಡುವುದು ಜಾಣತನ. ಕೂರಿಸುವ ಕೈಯೂ ಸಮವಾಗಿರಬೇಕು: ಪ್ರೈಮರು ಕೋಶದ ತಳದ ಮಟ್ಟಕ್ಕಿಂತ ಒಂದು ಕಾಗದದ ದಪ್ಪದಷ್ಟು ಒಳಗಿದ್ದು, ಅಡಿಗಲ್ಲಿನ ಕಾಲುಗಳು ಕುಳಿಯ ತಳವನ್ನು ಮುಟ್ಟಿರಬೇಕು. ಮೇಲೆದ್ದು ನಿಂತರೆ ಅಪಾಯ. ತಳ ಮುಟ್ಟದಿದ್ದರೆ ಸೂಜಿಯ ಏಟು ಕೂರಿಸುವುದರಲ್ಲೇ ವ್ಯರ್ಥವಾಗಿ ಕಿಡಿ ತಡವಾಗುತ್ತದೆ.

ಪ್ರೈಮರು ಬದಲಾದರೆ ಒತ್ತಡವೂ ಬದಲಾಗುತ್ತದೆ. ಅಂಚಿನವರೆಗೆ ತುಂಬಿದ ಅಳತೆಯೊಂದಕ್ಕೆ ಬಿಸಿಯಾದ ಪ್ರೈಮರನ್ನು ಹಾಗೆಯೇ ಜೋಡಿಸಿದರೆ ಕೋವಿ ಒಡೆಯಬಹುದು. ಮದ್ದನ್ನು ಇಳಿಸಿ, ಪ್ರಕಟಿತ ಕೋಷ್ಟಕದ ಮಿತಿಯೊಳಗೆ ಮತ್ತೆ ಮೆಲ್ಲಗೆ ಏರಬೇಕೆಂಬುದು ಕೈತುಂಬುವವರಲ್ಲಿ ವಿನಾಯಿತಿಯಿಲ್ಲದ ನಿಯಮ. ಪ್ರೈಮರುಗಳನ್ನು ಮೂಲ ಡಬ್ಬಿಯಿಂದ ತೆಗೆದು ಸೀಸೆಯಲ್ಲಿ ಸುರಿದಿಡುವುದೂ ನಿಷಿದ್ಧ. ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ.

ಇಷ್ಟೆಲ್ಲ ವಿವರ ಹಿಂದೂಪುರದಲ್ಲಿ ಯಾರಾದರೂ ಮನೆಯಲ್ಲೇ ತೋಟಾ ತುಂಬಲೆಂದಲ್ಲ. ಆಯುಧ ಕಾನೂನು ಎಂದೊಡನೆ ಕನ್ನಡ ವಿದ್ಯಾರ್ಥಿಗೆ ನೆನಪಾಗುವುದು ಹಲಗಲಿ. 1857ರಲ್ಲಿ ಆಯುಧ ಒಪ್ಪಿಸೆಂದ ಸರಕಾರದ ವಿರುದ್ಧ ಎದ್ದ ಬೇಡರ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಆ ಕಾನೂನಿನ ಕಾಲ ಹೋಯಿತು; ಇಂದು ಜಾರಿಯಲ್ಲಿರುವ 1959ರ ಕಾಯಿದೆಯ ಐದನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಹಾಗಿದ್ದರೂ ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಿಡಿದ ವಿದ್ಯಾರ್ಥಿ, ವಿದ್ಯಾರ್ಥಿನಿಯರು ನಮ್ಮ ಕಾಲೇಜುಗಳಲ್ಲಿ ಇದ್ದೇ ಇರುತ್ತಾರೆ. ಆ ತೋಟಾದ ತಳವನ್ನು ನೋಡಿದವರಿಗೆ ನಡುವೆ ಪ್ರೈಮರು ಕಂಡಿರಲಾರದು. ಅದರ ಸಿಡಿಮದ್ದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಸೂಜಿ ಕುಟ್ಟುವುದು ಅಂಚನ್ನೇ. ಮಡಿಕೆಯ ಒಂದು ಕಡೆ ಮದ್ದು ಕಡಿಮೆಯಾಗಿದ್ದು ಸೂಜಿ ಅಲ್ಲಿಯೇ ಬಿದ್ದರೆ ಈಡು ಹುಸಿಯಾಗುತ್ತದೆ, ಇಲ್ಲವೇ ವೇಗ ಕುಗ್ಗುತ್ತದೆ. ಇಲ್ಲಿ ಪ್ರೈಮರನ್ನು ಬೇರೆಯಾಗಿ ಆರಿಸುವ ಮಾತಿಲ್ಲ, ಕೋಶವನ್ನು ಮರಳಿ ತುಂಬುವ ಮಾತೂ ಇಲ್ಲ. 50 ಮೀಟರ್ ಸ್ಪರ್ಧೆಯ ಹತ್ತರ ವೃತ್ತಕ್ಕಿರುವ ವ್ಯಾಸ 10.4 ಮಿಲಿಮೀಟರ್ ಮಾತ್ರ. ಆದ್ದರಿಂದ ಒಲಿಂಪಿಕ್ಸ್ ಮಟ್ಟದ ಸ್ಪರ್ಧಿಗಳು ತಮ್ಮ ರೈಫಲನ್ನೇ ಹೊತ್ತು ಇಂಗ್ಲೆಂಡಿನ ಎಲಿ, ಫಿನ್ಲೆಂಡಿನ ಲಾಪುವಾ ಮೊದಲಾದ ತಯಾರಕರ ಪರೀಕ್ಷಾಗಾರಕ್ಕೆ ಹೋಗುತ್ತಾರೆ. ಅಲ್ಲಿ ಕೊಳವೆಯನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಒಂದೊಂದು ಕಂತಿನ ತೋಟಾವನ್ನೂ ಹಾರಿಸಿ, ಗುಂಪುಗಳನ್ನು ಅಳೆಯುತ್ತಾರೆ. ಯಾವ ಕಂತು ಆ ಕೊಳವೆಗೆ ಒಗ್ಗಿತೋ ಅದನ್ನು ಸಾವಿರಗಟ್ಟಲೆ ಕೊಂಡು ಊರಿಗೆ ಮರಳುತ್ತಾರೆ.