ಕುಂತಿಬೆಟ್ಟ: ಐತಿಹ್ಯವೂ ಶಿಲಾವಿಚಾರವೂ

ಪ್ರಕೃತಿಯ ವಿಸ್ಮಯಕ್ಕೆ ಹೆಸರನ್ನೂ ಕಥೆಯನ್ನೂ ಕೊಡುವುದು ಮಾನವನ ಸಹಜಧರ್ಮ. ಪಾಂಡವಪುರದ ಕುಂತಿಬೆಟ್ಟವು ಇದಕ್ಕೆ ನಮ್ಮ ಸಮೀಪದ ನಿದರ್ಶನ. ವನವಾಸಕಾಲದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂಬುದು ಜನಜನಿತವಾದ ಐತಿಹ್ಯ. ವ್ಯಾಸಭಾರತದ ಪ್ರಕಾರ ವನವಾಸದ ಅವಧಿಯಲ್ಲಿ ಕುಂತಿಯು ವಿದುರನ ಆಶ್ರಯದಲ್ಲಿದ್ದಳು. ಆದುದರಿಂದ ಈ ಕಥೆಯನ್ನು ಅರಗಿನ ಮನೆಯಿಂದ ಪಾರಾದ ಬಳಿಕದ ಅಲೆದಾಟಕ್ಕೆ ಹೊಂದಿಸುವುದು ಯುಕ್ತ.

ಊರಿನ ಹೆಸರಿಗೂ ಪದರಗಳುಂಟು. ಮೊದಲು ಇದು ಹಿರೋಡೆ. ಹೈದರ್, ಟಿಪ್ಪೂ ಅವರ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಆಂಗ್ಲರ ಬಾಯಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು, ಅನಂತರ ಪಾಂಡವಪುರವೆನಿಸಿತು.

ಭೂವಿಜ್ಞಾನಿಗಳು ಹೇಳುವ ಕಥೆ ಬೇರೆ. ದಕ್ಷಿಣ ಕರ್ನಾಟಕದ ನೆಲಗಟ್ಟಿನ ಶಿಲೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದವು. ಬೆಣಚುಕಲ್ಲು ಭೂಗರ್ಭದಲ್ಲಿ ಕರಗಿದ್ದ ದ್ರವ್ಯವು ನಿಧಾನವಾಗಿ ಆರಿ ಗಟ್ಟಿಯಾದುದು. ಅದರ ಬಿರುಕುಗಳಲ್ಲಿ ನೀರಿಳಿದು ಅಂಚುಗಳು ಸವೆದುವು. ಮೇಲಿನ ಮಣ್ಣು ಕೊಚ್ಚಿಹೋಯಿತು. ಯಾರೋ ಎತ್ತಿಟ್ಟಂತೆ ಗುಂಡುಗಳು ಉಳಿದುವು. ಎತ್ತಿಟ್ಟವನು ಭೀಮನೇ ಇರಬೇಕೆಂದು ಜನರು ಭಾವಿಸಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಅನ್ಯದೇಶಗಳಲ್ಲಿಯೂ ಇದೇ ರೀತಿ. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಂಚಿನಲ್ಲಿ ಉಲ್ಕಾಪಾತದಿಂದಾದ, ಸುಮಾರು 880 ಮೀಟರು ಅಗಲದ ವುಲ್ಫ್ ಕ್ರೀಕ್ ಕುಳಿಯಿದೆ. ಬಿಳಿಯರು ಅದನ್ನು 1947ರಲ್ಲಿ ವಿಮಾನದಿಂದ ಕಂಡರು. ಅಲ್ಲಿನ ಮೂಲನಿವಾಸಿಗಳಾದ ಜಾರು ಜನರಿಗೆ ಅದು ಎಂದಿನಿಂದಲೂ ‘ಕಂಡಿಮಲಾಲ್’. ಮಹಾಸರ್ಪವು ನೆಲದಿಂದ ಮೇಲೆದ್ದ ಪವಿತ್ರಸ್ಥಾನ. ಮಹಾರಾಷ್ಟ್ರದ ಲೋಣಾರ ಸರೋವರವೂ ಉಲ್ಕಾಘಾತದ ಫಲವೇ. ಜನರ ಪಾಲಿಗೆ ಅದು ವಿಷ್ಣುವು ಲವಣಾಸುರನನ್ನು ಮರ್ದಿಸಿದ ತಾಣ. ಆಸ್ಟ್ರೇಲಿಯದ ಇನ್ನೊಂದು ಪವಿತ್ರಶಿಲೆಯಾದ ಉಲುರುವನ್ನು ಹತ್ತುವುದು, ಅಲ್ಲಿನ ಅನಂಗು ಜನರ ಇಚ್ಛೆಯಂತೆ, 2019ರ ಅಕ್ಟೋಬರಿನಿಂದ ನಿಷಿದ್ಧ.

ನಮ್ಮ ಬೆಟ್ಟಗಳ ಗತಿಯೇನು? ಇದೇ ತಾಲ್ಲೂಕಿನ ಬೇಬಿಬೆಟ್ಟದಲ್ಲಿ ಕಲ್ಲುಗಣಿಗಾರಿಕೆಯ ಸಿಡಿತವು ಕನ್ನಂಬಾಡಿ ಕಟ್ಟೆಯ ಸುರಕ್ಷತೆಯನ್ನೇ ಪ್ರಶ್ನೆಯಾಗಿಸಿತು. ಕಟ್ಟೆಯ ಸುತ್ತಣ 20 ಕಿಲೋಮೀಟರು ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆಯೊಡ್ಡಿ ಉಚ್ಚನ್ಯಾಯಾಲಯವು 2024ರ ಜನವರಿಯಲ್ಲಿ ಆದೇಶಿಸಿತು. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಶಿಲೆ ಒಂದು ಸಿಡಿತಕ್ಕೆ ಜಲ್ಲಿಯಾಗುತ್ತದೆ. ಜಲ್ಲಿ ಮರಳಿ ಬೆಟ್ಟವಾಗದು. ಬೆಟ್ಟ ಹೋದರೆ ಐತಿಹ್ಯಕ್ಕೂ ನೆಲೆಯಿಲ್ಲ, ಶಾಸ್ತ್ರಕ್ಕೂ ಸಾಕ್ಷಿಯಿಲ್ಲ.

ಉಪಾಧ್ಯಾಯರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಎರಡು ಕಥೆಗಳನ್ನೂ ಹೇಳಲಿ. ಐತಿಹ್ಯವು ಬೆಟ್ಟವನ್ನು ಗೌರವಿಸಲು ಕಲಿಸುತ್ತದೆ, ವಿಜ್ಞಾನವು ಅರಿಯಲು ಕಲಿಸುತ್ತದೆ. ಬಂಡೆಯ ಮೇಲೆ ಹೆಸರು ಕೆತ್ತದೆ, ಕಸ ಚೆಲ್ಲದೆ ಇಳಿದು ಬರುವ ವಿದ್ಯಾರ್ಥಿಯು ಎರಡನ್ನೂ ಕಲಿತನೆಂದೇ ತಿಳಿಯಬೇಕು. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಇಂತಹ ಪ್ರವಾಸಗಳಿಗೆ ನೆರವಾದರೆ ಅದು ಸಾರ್ಥಕವಾದ ವಿದ್ಯಾದಾನವಾದೀತು.